ಕಾಶವ್ವನ ಟಿಕೆಟ್ಟಿನ ದರ

ನಮ್ಮೂರಿನ ಥೇಟರಿನಲ್ಲಿ ನಾಟಕದ ಟಿಕೆಟ್ಟಿಗೆ ಎಲ್ಲರಿಗೂ ಒಂದೇ ದರ ಅಂತ ಯಾವ ಕಾಲಕ್ಕೂ ಇದ್ದದ್ದಿಲ್ಲ. ಬೇರೆ ಊರಿನವರು ನೆಲಕ್ಕೆ ಇಷ್ಟು, ಕುರ್ಚಿಗೆ ಇಷ್ಟು ಅಂತ ಹೇಳುವಾಗ ನಮಗೆ ನಗು ಬರುತ್ತದೆ. ಇಲ್ಲಿ ಬುಕಿಂಗ್ ಕಿಟಕಿಯೊಳಗೆ ಕೈ ಹಾಕಿ ಖಾಲಿ ಚೀಟಿಯ ಮೇಲೆ ಬೆರಳಿಟ್ಟರೆ, ಇಟ್ಟವರ ಆಸೆ ಎಷ್ಟೋ ಅಷ್ಟು ದರ ಅದರ ಮೇಲೆ ಮೂಡುತ್ತದೆ. ಆಟ ನೋಡದಿದ್ದರೆ ಜೀವ ಹೋಗುತ್ತದೆ ಅನ್ನುವವನಿಗೆ ತುಟ್ಟಿ. ನೋಡಿದರೂ ಆಯಿತು ಬಿಟ್ಟರೂ ಆಯಿತು ಅನ್ನುವವನಿಗೆ ಅಗ್ಗ. ಅದರ ಗೊಡವೆಯೇ ಇಲ್ಲದವನಿಗೆ ಪುಕ್ಕಟೆ. ಕಿಟಕಿಯ ಹಿಂದೆ ಕೂರುವ ಪರಪ್ಪ ಮಾಸ್ತರರು ಮೂಡಿದ ದರವನ್ನು ಸಾಲಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಾರೆ. ಕಿವಿಯಲ್ಲಿ ಪಿಸುಗುಟ್ಟುವ ಪದ್ಧತಿ ಇಲ್ಲ. ಒಬ್ಬರು ತೆಗೆಸಿದ ಚೀಟಿಯನ್ನು ಮಾಸ್ತರರಲ್ಲದೆ ಇನ್ನೊಬ್ಬರು ಹಿಡಿದರೆ ಅಂಕಿ ಅಳಿಸಿಹೋಗಿ ಹೊಸ ಅಂಕಿ ಮೂಡುತ್ತದೆ. ಹಾಗಾಗಿ ಯಾರ ಟಿಕೆಟ್ಟನ್ನು ಅವರೇ ತೆಗೆಸಬೇಕು.

ನಾನು ನೀಲವ್ವ. ಆ ಕಿಟಕಿಯ ಎದುರಿಗೇ ನನ್ನ ಮಿರ್ಚಿ ಭಜಿಯ ಅಂಗಡಿ. ಬಾಣಲೆಯ ಮುಂದೆ ಕೂತು ಊರಿನ ಆಸೆಯನ್ನೆಲ್ಲ ಕಿವಿಯಾರೆ ಕೇಳಿದವಳು ನಾನು, ಆದ್ದರಿಂದ ನನ್ನ ಮುಂದೆ ಯಾರ ಬಡಿವಾರವೂ ನಡೆಯುವುದಿಲ್ಲ. ಹಲ್ಲುನೋವು ಬಂದರೆ ನಮ್ಮೂರಿನವರು ಮೊದಲು ಡಾಕ್ಟರ ಹತ್ತಿರ ಹೋಗುವುದಿಲ್ಲ, ಬುಕಿಂಗಿಗೆ ಬರುತ್ತಾರೆ. ದವಡೆ ಊದಿಕೊಂಡವನಿಗೆ ಆ ಹೊತ್ತಿನಲ್ಲಿ ರಾಜನೂ ಬೇಡ ರಾಣಿಯೂ ಬೇಡ, ಟಿಕೆಟ್ಟು ಚಿಲ್ಲರೆ ಕಾಸಿಗೆ ಸಿಗುತ್ತದೆ. ಆಮೇಲೆ ಹಲ್ಲು ಕೀಳಿಸಿಕೊಂಡು ಬಂದು ಆರಾಮಾಗಿ ಆಟ ನೋಡುತ್ತಾನೆ. ಕೆಲವರು ಹೊಟ್ಟೆ ಬಿರಿಯುವಷ್ಟು ಹೋಳಿಗೆ ಉಂಡು, ಕಣ್ಣು ಎಳೆಯುತ್ತಿರುವಾಗ ಸಾಲಿನಲ್ಲಿ ನಿಲ್ಲುತ್ತಾರೆ. ಗಂಡ ಹೆಂಡಿರು ದಾರಿಯುದ್ದಕ್ಕೂ ಬೇಕೆಂದೇ ಜಗಳ ತೆಗೆದು ಮುಖ ಊದಿಸಿಕೊಂಡು ಬಂದು, ಟಿಕೆಟ್ಟು ಕೈಗೆ ಸಿಕ್ಕ ಮೇಲೆ ನನ್ನ ಅಂಗಡಿಯಲ್ಲಿ ಒಂದೇ ತಟ್ಟೆಯಲ್ಲಿ ಭಜಿ ತಿನ್ನುತ್ತಾರೆ. ಹೊಸದಾಗಿ ಮದುವೆಯಾದವರಿಗಂತೂ ಯಾವಾಗಲೂ ಅಗ್ಗ, ಅವರ ಲಕ್ಷ್ಯವೇ ಬೇರೆಲ್ಲೋ ಇರುತ್ತದೆ.

ಇಂಥ ಊರಿನಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ನಾವು ಒಂದು ಪಾಠ ಹೇಳಿಕೊಡುತ್ತೇವೆ. ಏನು ಬೇಕಾದರೂ ಬೇಕು ಅನ್ನಬಾರದು, ಮುಖದಲ್ಲಿ ತೋರಿಸಲೂಬಾರದು. ಹೆಣ್ಣು ನೋಡಲು ಹೋದ ಹುಡುಗ ಹುಡುಗಿಯನ್ನು ಬಿಟ್ಟು ತೊಲೆಯನ್ನು ನೋಡುತ್ತಾನೆ. ಅಂಗಡಿಗೆ ಬಂದವರು ಭಜಿ ಕೊಡು ಅನ್ನುವುದಿಲ್ಲ, ಇವತ್ತು ಎಣ್ಣೆ ಚೆನ್ನಾಗಿಲ್ಲವೇನೋ ಅನ್ನುತ್ತಾರೆ, ನಾನು ಕೊಟ್ಟುಬಿಡುತ್ತೇನೆ.

ಇದರ ಫಲವೇನೆಂದರೆ, ಥೇಟರಿನ ಮುಂದಿನ ಸಾಲಿನಲ್ಲಿ ಪುಕ್ಕಟೆ ಬಂದವರು ಕಾಲು ಚಾಚಿ ಗೊರಕೆ ಹೊಡೆಯುತ್ತಾರೆ. ನಿಜವಾದ ನಾಟಕದ ಹುಚ್ಚಿನವರು ಹೊರಗೆ ತಗಡಿನ ಗೋಡೆಗೆ ಬೆನ್ನು ಕೊಟ್ಟು ಕೂತು ಹಾಡು ಕೇಳುತ್ತಾರೆ. ಕೇಳುವುದಕ್ಕೆ ದರವಿಲ್ಲ, ನೋಡುವುದಕ್ಕೆ ಮಾತ್ರ. ಕಮ್ಮಾರ ಕಾಳಪ್ಪ ಇಪ್ಪತ್ತು ವರ್ಷದಿಂದ ತಗಡಿನ ಆಚೆಯ ಪ್ರತಿಯೊಂದು ನಾಟಕವನ್ನು ಕೇಳಿದ್ದಾನೆ, ಒಂದನ್ನೂ ನೋಡಿಲ್ಲ. ಒಮ್ಮೆ ಒಂದು ಜೊತೆ ಎತ್ತಿನ ಬೆಲೆ ಅವನ ಚೀಟಿಯ ಮೇಲೆ ಬಂದಿತ್ತು. ಅದಕ್ಕಿಂತ ದೊಡ್ಡ ದರವನ್ನು ನಮ್ಮೂರು ಕೇಳಿರಲಿಲ್ಲ.

ಈ ಸಲ ಬಂದ ಕಂಪನಿ ತಂದ ಸಂಗೀತ ನಾಟಕದ ಹೆಸರು ‘ಗಿಳಿ ಕದ್ದ ರಾಣಿ’. ಹೋದ ಊರಲ್ಲೆಲ್ಲ ತಿಂಗಳುಗಟ್ಟಲೆ ನಡೆದ ಆಟ. ಮಾತಿಗಿಂತ ಹಾಡೇ ಹೆಚ್ಚು, ರಾಣಿಯ ಪಾರ್ಟು ಮಾಡುವವಳು ಮಿಸ್ ಇಂದುಮತಿ. ಪೋಸ್ಟರಿನಲ್ಲಿ ಆಕೆಯ ಮುಖ ಕಂಡದ್ದೇ ತಡ, ಊರು ಹಲ್ಲುನೋವಿಗೆ ಹಾರೈಸತೊಡಗಿತು. ಆದರೆ ನನಗೂ ನನ್ನ ಓಣಿಯವರಿಗೂ ಆ ಇಂದುಮತಿ ಬೇರೆ ಯಾರೂ ಅಲ್ಲ, ನನ್ನ ಪಕ್ಕದ ಮನೆಯ ಕಾಶವ್ವನ ಮಗಳು ದ್ಯಾಮಿ.

ಕಾಶವ್ವ ಜೋಳದ ರೊಟ್ಟಿ ಬಡಿದು ಮಾರುವವಳು. ಗಂಡ ಬೇಗ ತೀರಿಕೊಂಡ ಮೇಲೆ ಮಗಳನ್ನು ಆ ಒಲೆಯ ಮುಂದೆಯೇ ಸಾಕಿದಳು. ದ್ಯಾಮಿಗೆ ಕೊರಳಿತ್ತು, ಹಠವೂ ಇತ್ತು. ಎಂಟೊಂಬತ್ತು ವರ್ಷದ ಹಿಂದೆ ಒಂದು ಕಂಪನಿ ಊರು ಬಿಡುವಾಗ ತಾನೂ ಹೋಗುತ್ತೇನೆಂದು ನಿಂತಳು. ಕಾಶವ್ವ ಬೈದಳು, ಬಡಿದಳು, ಕೊನೆಗೆ ಇಡೀ ಓಣಿಗೆ ಕೇಳುವಂತೆ, ಮುಖಕ್ಕೆ ಬಣ್ಣ ಹಚ್ಚಿದ ದಿನವೇ ನೀನು ನನ್ನ ಪಾಲಿಗೆ ಸತ್ತೆ ಅಂದಳು. ಹುಡುಗಿ ಹೋದಳು. ಅವತ್ತಿನಿಂದ ಆ ಮನೆಯಲ್ಲಿ ಅವಳ ಹೆಸರಿಲ್ಲ. ನಾನು ಬಾಯಿ ತಪ್ಪಿ ದ್ಯಾಮಿ ಅಂದರೆ, ಕಾಶವ್ವ ಎದ್ದು ಹೋಗಿ ನೀರು ಸೇದುತ್ತಿದ್ದಳು, ಕೊಡಗಳೆಲ್ಲ ತುಂಬಿದ್ದರೂ.

ಕಂಪನಿ ಬಂದ ವಾರ ಕಾಶವ್ವ ದಿನಾ ಸಂಜೆ ನನ್ನ ಅಂಗಡಿಗೆ ಬರತೊಡಗಿದಳು. ನಿನ್ನ ಮೆಣಸಿನಕಾಯಿ ಸೀಳಿ ಕೊಡುತ್ತೇನೆ, ಮನೆಯಲ್ಲಿ ಕೂತು ಏನು ಮಾಡಲಿ ಅಂದಳು. ನಾನು ಆಗಲಿ ಅಂದೆ. ಒಳಗೆ ರಾಣಿಯ ಹಾಡು ಶುರುವಾದರೆ ಅವಳ ಕೈಯ ಚಾಕು ನಿಂತುಬಿಡುತ್ತಿತ್ತು, ಹಾಡು ಮುಗಿದ ಮೇಲೆ ಮತ್ತೆ ನಡೆಯುತ್ತಿತ್ತು. ಅವಳು ಸೀಳಿದ ಮೆಣಸಿನಕಾಯಿಯಲ್ಲಿ ಅರ್ಧ ಬೀಜ ಉಳಿದು, ನನ್ನ ಗಿರಾಕಿಗಳು ಖಾರಕ್ಕೆ ಬಾಯಿ ಬಾಯಿ ಬಡಿದುಕೊಂಡರು. ಪೋಸ್ಟರನ್ನು ಮಾತ್ರ ಒಂದು ದಿನ ಹತ್ತಿರ ಹೋಗಿ ನೋಡಿ ಬಂದಳು. ಪೇಂಟರನಿಗೆ ಮೂಗು ಬರೆಯಲು ಬರುವುದಿಲ್ಲ ಎಂದು ಆಮೇಲೆ ಬಹಳ ಹೊತ್ತು ಅವನನ್ನು ಬೈದಳು.

ಒಂದು ಸೋಮವಾರ ಬುಕಿಂಗ್ ಹೊತ್ತಿಗೆ, ಹಿಟ್ಟಿನ ಕೈಯಲ್ಲಿಯೇ ಬಂದು ಸಾಲಿನಲ್ಲಿ ನಿಂತಳು. ರೊಟ್ಟಿ ಕೊಡಲು ಬಂದಿದ್ದೆ, ಹೇಗೂ ಈ ಕಡೆ ಬಂದಿದ್ದೇನಲ್ಲ ಒಂದು ಟಿಕೆಟ್ಟು ತಗೊಂಡು ಹೋಗೋಣ ಅಂತ, ಎಂದು ಮುಂದಿನವಳಿಗೂ ಹೇಳಿದಳು, ಹಿಂದಿನವಳಿಗೂ ಹೇಳಿದಳು. ಆಕಳಿಸಿದಳು ಕೂಡ. ಅವಳ ಪಾಳಿ ಬಂತು. ಸೆರಗಿಗೆ ಕೈ ಒರೆಸಿಕೊಂಡು ಚೀಟಿಯ ಮೇಲೆ ಬೆರಳಿಟ್ಟಳು.

ಪರಪ್ಪ ಮಾಸ್ತರರು ಕೂಗಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಂಕಿಗಳು ಚೀಟಿಯ ಅಂಚಿನ ತನಕ ಹೋಗಿದ್ದವು. ಅವರು ಚೀಟಿಯನ್ನು ತಿರುವಿ ಹಾಕಿದರೆ ಹಿಂದುಗಡೆಯೂ ಮೂಡುತ್ತಲೇ ಇದ್ದವು. ಇಷ್ಟು ವರ್ಷದಲ್ಲಿ ಮಾಸ್ತರರು ದರ ಓದಲು ತಡವರಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಕೂಗದೆ ಬಿಡುವಂತಿಲ್ಲವಲ್ಲ, ಕೂಗಿದರು. ಲಕ್ಷ ದಾಟಿತು, ಕೋಟಿ ದಾಟಿತು, ಅವರಿಗೆ ಉಸಿರು ಕಟ್ಟಿ ನಡುವೆ ಒಮ್ಮೆ ನಿಲ್ಲಿಸಿ ಮುಂದುವರಿಸಬೇಕಾಯಿತು. ಕಮ್ಮಾರ ಕಾಳಪ್ಪ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಿಮ್ಮ ಚೀಟಿ ಕೆಟ್ಟಾವ್ರಿ ಮಾಸ್ತರ” ಅಂದಳು ಕಾಶವ್ವ. “ಅಕಿ ಮುಖಾ ನೋಡಾಕ ಇಷ್ಟ ರೊಕ್ಕಾ ಯಾರ ಕೊಡ್ತಾರ?”

ಹಾಗೆಂದು ಹೊರಟುಹೋದಳು. ಅವಳು ತಿರುವು ದಾಟುವ ತನಕ ನಾನು ನೋಡುತ್ತ ನಿಂತೆ, ಬಾಣಲೆಯಲ್ಲಿದ್ದ ಭಜಿ ಕರ್ರಗಾದವು. ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದ್ದೆವು, ಅವಳು ಬರೀ ಕಲ್ಲು ಎಂದೇ ನಾನು ತಿಳಿದಿದ್ದೆ.

ನಮ್ಮೂರಿನವರು ಕೆಟ್ಟವರಲ್ಲ. ಕಾಶವ್ವನಿಗೆ ಸಹಾಯ ಮಾಡಲೇಬೇಕೆಂದು ಎಲ್ಲರೂ ಟೊಂಕ ಕಟ್ಟಿದರು. ಆದರೆ ಇಲ್ಲಿಯವರಿಗೆ ಗೊತ್ತಿರುವ ಸಹಾಯ ಒಂದೇ, ಆಸೆ ಕಡಿಮೆ ಮಾಡಿಸುವುದು. ಮೊದಲು ಕಾಳುಕಡಿಯ ಅಡತಿ ಅಂಗಡಿಯ ಗುರಪಾದಪ್ಪನವರು ಅವಳನ್ನು ಊಟಕ್ಕೆ ಕರೆದು, ಹೋಳಿಗೆಯ ಮೇಲೆ ಹೋಳಿಗೆ ಬಡಿಸಿ, ತೂಕಡಿಸುತ್ತಿದ್ದವಳ ಕೈ ಹಿಡಿದು ಕಿಟಕಿಗೆ ಕರೆತಂದರು. ಒಂದು ಅಂಕಿಯೂ ಇಳಿದಿರಲಿಲ್ಲ. ಕಂಪನಿಯ ಮ್ಯಾನೇಜರ್ ಒಳ್ಳೆಯ ಮನುಷ್ಯ, ಯಾರದೋ ಬಾಯಿಂದ ಒಬ್ಬ ಬಡ ಮುದುಕಿಗೆ ಟಿಕೆಟ್ಟು ತುಟ್ಟಿಯಾಗಿದೆ ಎಂದಷ್ಟೇ ಕೇಳಿ ತನ್ನ ಪಾಸನ್ನೇ ಅವಳ ಕೈಗೆ ಕೊಟ್ಟ. ಆ ಪಾಸಿನ ಮೇಲೂ ದರ ಮೂಡಿತು.

ಆಮೇಲೆ ಹೆಂಗಸರು ಒಂದು ಉಪಾಯ ಹೂಡಿದರು. ಮಗಳ ಬಗ್ಗೆ ಕೆಟ್ಟದ್ದನ್ನು ಹೇಳಿದರೆ ತಾಯಿಯ ಮನಸ್ಸು ಮುರಿಯುತ್ತದೆ, ದರ ಇಳಿಯುತ್ತದೆ ಅಂತ. ಸರದಿಯ ಮೇಲೆ ರೊಟ್ಟಿ ಕೊಳ್ಳುವ ನೆಪ ಮಾಡಿ ಹೋದರು. ಒಬ್ಬಳು, ನಿನ್ನ ಮಗಳು ಸೊಕ್ಕಿನವಳಾಗಿದ್ದಾಳಂತೆ, ಯಾರೊಂದಿಗೂ ಮಾತಾಡುವುದಿಲ್ಲವಂತೆ ಅಂದಳು. ಯಾರೂ ಮಾತಾಡಿಸೋರಿಲ್ಲವೇನೋ ಎಂದು ಕಾಶವ್ವ ಅವತ್ತು ಉಣ್ಣಲಿಲ್ಲ. ಇನ್ನೊಬ್ಬಳು, ಅವಳು ಒಣಗಿ ಕಡ್ಡಿಯಾಗಿದ್ದಾಳೆ, ಆ ಸೌಂದರ್ಯವೆಲ್ಲ ಬರೀ ಬಣ್ಣ ಅಂದಳು. ಮತ್ತೊಬ್ಬಳು ಹೋಗಿ, ಹೋದ ಊರಲ್ಲಿ ಜ್ವರ ಬಂದು ರಂಗದ ಮೇಲೆಯೇ ಬಿದ್ದಿದ್ದಳಂತೆ, ಇಂಥವಳನ್ನು ಏನು ನೋಡುತ್ತೀ ಅಂದಳು. ಕಾಶವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲಿಗೇ ಬಿಟ್ಟು, ಜ್ವರ ಯಾವಾಗ ಬಂದಿತ್ತಂತೆ, ಈಗ ಬಿಟ್ಟಿದೆಯಂತೇನು, ಹತ್ತಿರ ಯಾರಿದ್ದರಂತೆ ಎಂದು ಕೇಳಿದ್ದನ್ನೇ ಕೇಳಿದಳು. ಮುಂದಿನ ಸೋಮವಾರ ಅವಳು ಮತ್ತೆ ಹೋಗಿ ಬೆರಳಿಟ್ಟಾಗ ಮಾಸ್ತರರು ಆ ಚೀಟಿಗೆ ಇನ್ನೊಂದು ಚೀಟಿ ಅಂಟಿಸಿ ಓದಬೇಕಾಯಿತು. ಇಷ್ಟಾದರೂ ಹೆಂಗಸರು, ಇನ್ನೂ ಸ್ವಲ್ಪ ಗಟ್ಟಿಯಾದ ಸುಳ್ಳು ಬೇಕಿತ್ತು ಎಂದೇ ತೀರ್ಮಾನಿಸಿದರು.

ಕಂಪನಿಯವರು ಥೇಟರಿನ ಹಿಂದಿನ ಬಯಲಿನಲ್ಲಿಯೇ ಬಿಡಾರ ಹಾಕಿದ್ದರು. ಎದ್ದು ಹೋದರೆ ನಾಲ್ಕು ಹೆಜ್ಜೆ. ಒಂದು ಸಂಜೆ ನಾನು ತಡೆಯಲಾರದೆ, ಹೋಗಿ ನೋಡಿಕೊಂಡು ಬಾ, ನಿನ್ನ ಮಗಳಲ್ಲವೇನು ಅಂದುಬಿಟ್ಟೆ. ಆ ಸಲ ಅವಳು ನೀರು ಸೇದಲು ಎದ್ದು ಹೋಗಲಿಲ್ಲ.

“ಸತ್ತಿ ಅಂದಾಕಿ ನಾನು, ನೀಲಾ. ಈಗ ಯಾವ ಮುಖಾ ಹೊತ್ತುಕೊಂಡು ಹೋಗ್ಲಿ? ಅಕಿ ಬಾಗಿಲಾ ಹಾಕ್ಕೊಂಡ್ಲು ಅಂದ್ರ? ಕತ್ತಲದಾಗ ಸಾವಿರ ಮಂದಿ ನಡುವ ಕುಂತು ನೋಡಿ ಬರೂದಾದ್ರ ಅಕಿಗೂ ಗೊತ್ತಾಗೂದಿಲ್ಲ. ಕೊರಳು ಕೇಳತೈತಿ. ಉಂಡಾಳೋ ಇಲ್ಲೋ ಅನ್ನೂದು ಕೊರಳಿನ್ಯಾಗ ತಿಳೀವಲ್ದು.”

ಅವಳ ಕೈಯಿಂದ ಚಾಕು ಇಸಿದುಕೊಂಡು ಉಳಿದ ಮೆಣಸಿನಕಾಯಿಯನ್ನು ನಾನೇ ಸೀಳಿದೆ.

ಅಷ್ಟರಲ್ಲಿ ಭಾನುವಾರ ಹಗಲಾಟವೇ ಕಡೆಯ ಆಟ, ಮರುದಿನ ಕಂಪನಿ ಊರು ಬಿಡುತ್ತದೆ ಎಂದು ಜಟಕಾದಲ್ಲಿ ಸಾರಿಕೊಂಡು ಹೋದರು. ಆ ಕಂಪನಿ ಒಮ್ಮೆ ಬಂದ ಊರಿಗೆ ಮತ್ತೆ ಬರಬೇಕಾದರೆ ಹತ್ತು ವರ್ಷವಾದರೂ ಹಿಡಿಯುತ್ತದೆ. ಕಾಶವ್ವನ ಮೊಣಕಾಲು, ಅವಳ ಎದೆಯ ಏದುಸಿರು ನೋಡಿದವರಿಗೆ ಹತ್ತು ವರ್ಷದ ಮಾತೇ ಬೇಡ ಅನ್ನಿಸುತ್ತಿತ್ತು.

ನಮ್ಮಲ್ಲಿ ಇನ್ನೊಂದು ಕಟ್ಟುನಿಟ್ಟಿದೆ. ಕಿಟಕಿಯಲ್ಲಿ ಕೂಗಿದ ದರವನ್ನು ಹೊರಗಿನವರ ಮುಂದೆ ಹೇಳಬಾರದು. ಯಾರ ಚೀಟಿಯಲ್ಲಿ ಏನು ಬಂತೆಂದು ಪರಸ್ಥಳದವರ ಮುಂದೆ ಆಡಿದವರ ಮನೆಗೆ ಯಾರೂ ಬೆಂಕಿ ಕೇಳಲೂ ಹೋಗುವುದಿಲ್ಲ. ಕಂಪನಿಯವರು ಹೊರಗಿನವರು, ಅವರೊಂದಿಗೆ ಹೋದ ದ್ಯಾಮಿಯೂ ಲೆಕ್ಕಕ್ಕೆ ಹೊರಗಿನವಳೇ. ಅದಕ್ಕೇ ಇಡೀ ಊರಿಗೆ ಗೊತ್ತಿದ್ದ ಸಂಗತಿ ಆ ಬಯಲಿನ ಬಿಡಾರಕ್ಕೆ ಮಾತ್ರ ಗೊತ್ತಿರಲಿಲ್ಲ. ಶನಿವಾರ ನಾನು ಭಜಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬಿಡಾರಕ್ಕೆ ಹೋದೆ. ಊರು ನನ್ನನ್ನು ಬಿಟ್ಟರೆ ಬಿಡಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಹೋದೆ.

ದ್ಯಾಮಿ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಜರಿಯ ಸೀರೆಗೆ ಹೊಲಿಗೆ ಹಾಕುತ್ತಿದ್ದಳು. ಹೆಂಗಸರು ಹೇಳಿದಷ್ಟು ಒಣಗಿರಲಿಲ್ಲ, ನಾನು ಬಯಸಿದಷ್ಟು ತುಂಬಿಕೊಂಡೂ ಇರಲಿಲ್ಲ. ನೀಲಕ್ಕ ಎಂದು ಗುರುತು ಹಿಡಿದಳು, ಎದ್ದು ನಿಂತಳು. ನಾನು ಅವಳ ತಾಯಿಯ ಹೆಸರು ಎತ್ತಿದೆ. ಅವಳು ಸೂಜಿಯ ಕಡೆ ನೋಡುತ್ತ, ನನ್ನವ್ವ ನನಗೋಸ್ಕರ ಒಂದು ಪೈ ಕೊಡಲಿಕ್ಕಿಲ್ಲ, ಅವಳಿಗೆ ಪುಕ್ಕಟೆ ಟಿಕೆಟ್ಟೇ ಬರುತ್ತದೆ, ಬಂದು ಮುಂದಿನ ಸಾಲಿನಲ್ಲಿ ಮಲಗಲಿ ಅಂದಳು. ಅದನ್ನು ಅವಳು ನಗುತ್ತಲೇ ಹೇಳಿದಳು, ಆದರೆ ದಾರ ಸೂಜಿಯಿಂದ ಜಾರಿತು.

ಆಗ ನಾನು ದರ ಹೇಳಿದೆ. ಮಾಸ್ತರರು ಚೀಟಿ ತಿರುವಿ ಹಾಕಿದ್ದು, ಹೋಳಿಗೆ ಉಣ್ಣಿಸಿದ್ದು, ಜ್ವರದ ಸುದ್ದಿ ಕೇಳಿ ಇನ್ನೊಂದು ಚೀಟಿ ಅಂಟಿಸಿದ್ದು, ಒಂದನ್ನೂ ಬಿಡದೆ ಹೇಳಿದೆ. ಈ ಊರಿನಲ್ಲಿ ಹುಟ್ಟಿದವಳಿಗೆ ಆ ಅಂಕಿಯ ಅರ್ಥ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

“ಓದಿದವ್ರು ಯಾರು?” ಅಂತ ಕೇಳಿದಳು.

“ಪರಪ್ಪ ಮಾಸ್ತರ.”

ಮಾಸ್ತರರು ಇಲ್ಲದ ಅಂಕಿ ಓದುವವರಲ್ಲ ಎಂದು ಅವಳಿಗೂ ಗೊತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದಳು, ಆಗಲಿಲ್ಲ. ಅಳುತ್ತಾಳೆ, ಎದ್ದು ನನ್ನ ಹಿಂದೆಯೇ ಓಡಿ ಬರುತ್ತಾಳೆ ಎಂದು ನಾನು ಕಾದೆ. ಮ್ಯಾನೇಜರ್ ಕರೆದ, ಅವಳು ತಾಲೀಮಿಗೆ ಹೋದಳು. ನಾನು ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದೆ. ಇದ್ದ ಮರ್ಯಾದೆಯನ್ನೂ ಕಳೆದುಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಭಾನುವಾರ ಮಧ್ಯಾಹ್ನ ಕಾಶವ್ವ ಅಂಗಡಿಗೆ ಬರಲಿಲ್ಲ. ಥೇಟರಿನ ಮುಂದೆ ಜಾತ್ರೆಯಂತೆ ಜನ, ಒಳ್ಳೆಯ ವ್ಯಾಪಾರದ ಹೊತ್ತು. ನಾನು ಬಾಣಲೆ ಇಳಿಸಿ ಓಣಿಗೆ ಓಡಿದೆ. ಅವಳು ಬಾಗಿಲು ತೆರೆದಿಟ್ಟು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಕಿವಿಯಲ್ಲಿ ಹತ್ತಿ ತುರುಕಿಕೊಂಡಿದ್ದಳು. ಇವತ್ತು ಕೇಳಿದರೆ ತಡೆಯಲಾರೆ ಅಂದಳು. ಯಾರೂ ಕೊಳ್ಳದಷ್ಟು ರೊಟ್ಟಿ ಬುಟ್ಟಿಯಲ್ಲಿ ಗುಡ್ಡೆ ಬಿದ್ದಿತ್ತು. ನಾನು ಅವಳ ಪಕ್ಕದಲ್ಲಿ ಕೂತೆ. ಥೇಟರಿನ ಮೂರನೇ ಗಂಟೆ ಹೊಡೆದದ್ದು ನನಗೆ ಕೇಳಿಸಿತು. ಹಾರ್ಮೋನಿಯಂ ಶುರುವಾಯಿತು. ರಾಣಿಯ ಮೊದಲ ಹಾಡು ಬರಬೇಕಾದ ಜಾಗಕ್ಕೆ ಬಂದು, ಹಿಂದೆ ಹೋಗಿ, ಮತ್ತೆ ಅದೇ ಜಾಗಕ್ಕೆ ಬಂತು. ಹಾಡು ಬರಲಿಲ್ಲ.

ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ನಾನು ಬಾಗಿಲಿಗೆ ಬಂದು ನೋಡಿದರೆ ಜರಿಯ ಸೀರೆ, ಕಿರೀಟ, ಭುಜಕೀರ್ತಿ, ಮುಖದ ತುಂಬ ಬಣ್ಣ, ಬಿಸಿಲಿನಲ್ಲಿ ಕಣ್ಣು ಕುಕ್ಕುವಂತೆ ರಾಣಿ ನಡೆದು ಬರುತ್ತಿದ್ದಾಳೆ. ಹಿಂದೆ ಕಮ್ಮಾರ ಕಾಳಪ್ಪ, ಅವನ ಹಿಂದೆ ತಗಡಿನ ಗೋಡೆಗೆ ಕೂರುವ ಮಂದಿಯೆಲ್ಲ ಬರುತ್ತಿದ್ದಾರೆ. ಅವಳು ನನ್ನನ್ನು ದಾಟಿ ಒಳಗೆ ಬಂದು ಒಲೆಯ ಎದುರು ನಿಂತಳು. ಕಾಶವ್ವ ತಲೆ ಎತ್ತಿದಳು. ಕಿವಿಯ ಹತ್ತಿಯನ್ನು ಒಂದೊಂದಾಗಿ ತೆಗೆದಳು.

“ಟಿಕೆಟ್ ಭಾಳ ತುಟ್ಟಿ ಆತಂತ” ಅಂದಳು ದ್ಯಾಮಿ. “ಅದಕ್ಕ ನಾನಽ ಬಂದೆ.”

ಕಾಶವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೆಳಗಿಟ್ಟಳು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮತ್ತೆ ಅಡಿಯಿಂದ ಶುರು ಮಾಡಿದಳು. ಆ ನೋಟವನ್ನು ದ್ಯಾಮಿ ಬೇರೆಯಾಗಿ ತಿಳಿದಳೆಂದು ಕಾಣುತ್ತದೆ. ತಾಯಿಗೆ ಬಣ್ಣ ಆಗಿಬರುವುದಿಲ್ಲವಲ್ಲ. ಮೂಲೆಯಲ್ಲಿದ್ದ ಕೊಡದಿಂದ ಬೊಗಸೆ ತುಂಬ ನೀರು ತೆಗೆದುಕೊಂಡು ಮುಖಕ್ಕೆ ಎರಚಿಕೊಳ್ಳಲು ಬಗ್ಗಿದಳು. ಬಣ್ಣ ಹೋದರೆ ಮತ್ತೆ ಬರೆಯಲು ಒಂದು ಹೊತ್ತು ಬೇಕು, ಕಡೆಯ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಅವಳು ಬಗ್ಗಿದಳು. ಮೊಣಕಾಲು ನೋವಿನ ಕಾಶವ್ವ ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ. ಹಿಟ್ಟಿನ ಕೈಯಿಂದ ಮಗಳ ಮುಂಗೈ ಹಿಡಿದಳು, ನೀರೆಲ್ಲ ನೆಲದ ಮೇಲೆ ಚೆಲ್ಲಿತು.

“ತೊಳಕೋಬ್ಯಾಡ. ಇದನ್ನಽ ನೋಡಾಕ ಸಾಲಿನ್ಯಾಗ ನಿಂತಿದ್ದೆ ನಾ.”

ದ್ಯಾಮಿಯ ಕಣ್ಣಿನಿಂದ ಹರಿದ ನೀರು ಕಾಡಿಗೆಯನ್ನು ಕೆನ್ನೆಗೆ ಇಳಿಸಿತು. ಕಾಶವ್ವ ಅದನ್ನು ಸೆರಗಿನ ತುದಿಯಿಂದ ಒತ್ತಿ ಒತ್ತಿ ತೆಗೆದಳು, ಸುತ್ತಲಿನ ಬಣ್ಣ ಅಳಿಸಬಾರದೆಂದು ಬಹಳ ಜೋಪಾನ ಮಾಡಿದಳು. ನಾನು ಒಂದು ಕಡೆ ನಿಂತು ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆಮೇಲೆ ದ್ಯಾಮಿ ಒಲೆಯ ಮುಂದೆ ನಿಂತು ರಾಣಿಯ ಹಾಡು ಹಾಡಿದಳು. ಕಾಶವ್ವ ರೊಟ್ಟಿಯ ಬುಟ್ಟಿಗೆ ಒರಗಿ ಕೂತು ನೋಡಿದಳು, ಬಾಗಿಲಲ್ಲಿ ಕಾಳಪ್ಪನೂ ಅವನ ಮಂದಿಯೂ ನೋಡಿದರು. ಇಷ್ಟು ವರ್ಷ ಕೇಳಿಯಷ್ಟೇ ಗೊತ್ತಿದ್ದವರು, ಬಾಯಿ ತೆರೆದುಕೊಂಡು ನಿಂತಿದ್ದರು.

ಹಾಡು ಅರ್ಧವಾದಾಗ ಮ್ಯಾನೇಜರ್ ಬೆವರುತ್ತ ಓಡಿಬಂದ. ಒಳಗೆ ಮಂದಿ ತುಂಬಿದೆ, ಪರದೆ ಎತ್ತಬೇಕು, ನನ್ನ ಮಾನ ಕಳೆಯಬೇಡಿ ಎಂದು ಕೈ ಮುಗಿದ. ನಾನು, ಅವರೆಲ್ಲ ಹೋಳಿಗೆ ಉಂಡು ಟಿಕೆಟ್ಟು ತಗೊಂಡವರು, ಇನ್ನೊಂದು ಗಳಿಗೆ ಮಲಗಿರುತ್ತಾರೆ ಬಿಡಿ ಅಂದೆ. ಪಾಪ, ಅವನೂ ಬಾಗಿಲಿಗೆ ಒರಗಿ ಹಾಡು ಮುಗಿಯುವ ತನಕ ನಿಂತ.

ಹಾಡು ಮುಗಿಯಿತು. ದ್ಯಾಮಿ ಬಗ್ಗಿ ತಾಯಿಯ ಕಾಲು ಮುಟ್ಟಿದಳು. ಇನ್ನು ಹೋಗದೆ ಗತಿಯಿಲ್ಲ ಅನ್ನುವುದು ಅವಳ ಮುಖದಲ್ಲಿಯೇ ಇತ್ತು.

“ಮಂದಿ ಕಾಯಾಕತ್ತೈತಿ ಅವ್ವಾ. ಸಾಕ ಏನು?”

ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು, ಪರಪ್ಪ ಮಾಸ್ತರರೂ ಕಿಟಕಿ ಮುಚ್ಚಿ ಬಂದು ಹಿಂದುಗಡೆ ನಿಂತಿದ್ದರು. ನಮ್ಮಲ್ಲಿ ಹುಟ್ಟಿದ ಯಾವ ಪ್ರಾಣಿಯೂ ಇಷ್ಟು ಮಂದಿಯ ಎದುರು ಆಡದ ಮಾತನ್ನು ಕಾಶವ್ವ ಆಡಿದಳು.

“ಸಾಕಾಗಿಲ್ಲ” ಅಂದಳು. “ಇನ್ನೊಂದು ಹಾಡು.”